ಸ್ಟ್ರೋಪ್ ಕಟ್ಟಿದ ಗೂಡು

ಜನವರಿ ೯, ಗುರುವಾರ

ಬೆಳಗಿನಿಂದ ಮನೆಮನೆಗೆ ಹೋಗಿ ಮುದುಕರಿಗೆ ಸ್ನಾನ ಮಾಡಿಸಿ, ಅವರ ಬೆನ್ನು ಉಜ್ಜಿ ಉಜ್ಜಿ ನನ್ನ ಬೆನ್ನೇ ನನ್ನದಲ್ಲ ಅನ್ನಿಸಿದೆ. ಕಡಲ ತಡೆಗೋಡೆಯ ಕಡೆಯಿಂದ ಬೀಸುವ ಗಾಳಿಗೆ ಸೈಕಲ್ ಮುಂದಕ್ಕೇ ಹೋಗಲಿಲ್ಲ. ಇಳಿದು ತಳ್ಳಿಕೊಂಡು ಬಂದೆ. ಒಳಗೆ ಕಾಲಿಟ್ಟರೆ ಅಡುಗೆಮನೆ ತುಂಬ ಒಣಹುಲ್ಲು. ಒಲೆಯ ಮುಂದೆ ಹುಲ್ಲು, ನನ್ನ ಚಪ್ಪಲಿಯೊಳಗೆ ಹುಲ್ಲು. ಮೊಲ ತನ್ನ ಹಿಕ್ಕೆಯ ತಟ್ಟೆಯನ್ನು ಮಗುಚಿ ಹಾಕಿ, ಮಗುಚಿದ ತಟ್ಟೆಯ ಮೇಲೆ ಕೂತಿತ್ತು.

ಗಂಡ ಹಾರ್ಮ್ ಸೋಮವಾರ ಹೂಳೆತ್ತುವ ಹಡಗಿಗೆ ಕೆಲಸಕ್ಕೆ ಹೊರಟುಹೋದ. ಇನ್ನು ಬರುವುದು ಮಾರ್ಚಿಗೆ. ಅಕ್ಟೋಬರಿನಲ್ಲಿ ಮಗಳಿಗೆಂದು ಈ ಮೊಲ ತಂದುಕೊಟ್ಟವನು ಅವನು, ಗುಡಿಸುವವಳು ನಾನು. ಕಾಕಂಬಿಯ ಬಣ್ಣ, ಅದಕ್ಕೇ ಸ್ಟ್ರೋಪ್ ಎಂದು ಹೆಸರು. ಮಾತಾಡದ ಹುಡುಗಿಗೆ ಮಾತಾಡದ ಪ್ರಾಣಿ. ಹಾರ್ಮ್‌ನ ಮಗಳು ಸಿಲ್ಕೆ ನನ್ನ ಜೊತೆ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು, ಅದರಲ್ಲಿ ಎರಡು "ಗೊತ್ತಿಲ್ಲ".

ಮಾರ್ಚಿನಲ್ಲಿ ಅವನು ಬಂದಾಗ ಹೇಳಿಬಿಡಬೇಕು, ನಾನು ಈ ಮನೆ ಬಿಡುತ್ತೇನೆಂದು. ಗ್ರೋನಿಂಗೆನ್ ಪಟ್ಟಣದಲ್ಲಿ ಒಂದು ಸಣ್ಣ ಬಾಡಿಗೆ ಮನೆಗೆ ಹೆಸರು ಕೊಟ್ಟಾಗಿದೆ. ಜಗಳವೇನೂ ಇಲ್ಲ. ಮಿರ್ಯಮ್ ಆರಿಸಿದ ಪರದೆ, ಮಿರ್ಯಮ್ ಆರಿಸಿದ ತಟ್ಟೆ. ಸತ್ತು ಮೂರು ವರ್ಷವಾದ ಆ ಮೊದಲ ಹೆಂಡತಿಯ ಹೆಸರನ್ನು ಮಾತ್ರ ಇಲ್ಲಿ ಯಾರೂ ಎತ್ತುವುದಿಲ್ಲ. ಮದುವೆಯಾಗಿ ವರ್ಷ ಕಳೆದರೂ ಬಾಡಿಗೆಗಿದ್ದವಳ ಹಾಗೆ ಇದ್ದೇನೆ. ಸಾಕಾಗಿದೆ.

ಜನವರಿ ೧೩, ಸೋಮವಾರ

ಮೊಲ ಗುರುಗುಟ್ಟುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಇವತ್ತು ನೀರಿನ ಬಟ್ಟಲು ತೆಗೆಯಲು ಕೈ ಹಾಕಿದೆ. ನಾಯಿಮರಿಯಂತೆ ಸದ್ದು ಮಾಡಿ ಮುಂಗಾಲು ಎರಡನ್ನೂ ಎತ್ತಿ ನನ್ನ ಕೈಗೆ ಬಾರಿಸಿತು. ಆಮೇಲೆ ಕಚ್ಚಿತು. ಹೆಬ್ಬೆರಳು ಊದಿದೆ.

"ಅದಕ್ಕೇನಾಗಿದೆ ಸಿಲ್ಕೆ? ಮೊದಲು ಹೀಗಿರಲಿಲ್ಲವಲ್ಲ."

"ಏನಾಗಿಲ್ಲ. ಅವಳಿಗೆ ಇಷ್ಟ ಇಲ್ಲ, ಅಷ್ಟೆ."

"ಏನು ಇಷ್ಟ ಇಲ್ಲ?"

"ಅವಳ ಜಾಗಕ್ಕೆ ಬೇರೆಯವರು ಕೈ ಹಾಕೋದು."

ಮೊಲದ ಬಗ್ಗೆ ಹೇಳಿದಳೋ ನನ್ನ ಬಗ್ಗೆಯೋ. ಕೇಳುವ ಮೊದಲೇ ಮೆಟ್ಟಿಲು ಹತ್ತಿ ಬಾಗಿಲು ಹಾಕಿಕೊಂಡಳು.

ಜನವರಿ ೧೬, ಗುರುವಾರ

ಬೌಕೆಮಾ ಮುದುಕರು ಸ್ನಾನದ ಕುರ್ಚಿಯಲ್ಲಿ ಕೂತೇ ನನ್ನ ಬೆರಳಿನ ಪಟ್ಟಿ ನೋಡಿದರು.

"ಏನಮ್ಮಾ ಹುಡುಗೀ, ಗಂಡ ಕಚ್ಚಿದನಾ?"

"ಗಂಡ ಹಡಗಲ್ಲಿದ್ದಾನೆ. ಕಚ್ಚಿದ್ದು ಮೊಲ."

"ಯಾರ ಮೊಲ?"

"ಗಂಡನ ಮಗಳದ್ದು."

"ನಮ್ಮಪ್ಪ ಸಾಕ್ತಿದ್ದ. ಕಚ್ಚೋ ಮೊಲ ಕ್ರಿಸ್ಮಸ್ ಊಟದವರೆಗೂ ಉಳೀತಿರಲಿಲ್ಲ, ಮೊದಲೇ ಸಾರಿಗೆ ಹೋಗ್ತಿತ್ತು." ಸೋಪಿನ ನೊರೆಯೊಳಗೇ ಕುಲುಕುಲು ನಕ್ಕರು. ನಾನೂ ನಕ್ಕೆ. ಇವತ್ತು ನಕ್ಕಿದ್ದು ಅದೊಂದೇ.

ಮೊಲ ಈಗ ನನ್ನ ಕಾಲ ಸುತ್ತ ಗಿರಗಿರ ಸುತ್ತುತ್ತದೆ. ಎಡಗಾಲಿನ ಚಪ್ಪಲಿಯ ಮೇಲೆ ಹತ್ತಿ ಏನೇನೋ ಮಾಡುತ್ತದೆ. ಹೆಣ್ಣು ಎಂದೇ ಕೊಟ್ಟಿದ್ದಲ್ಲವೇ ಅಂಗಡಿಯವರು?

ಜನವರಿ ೨೧, ಮಂಗಳವಾರ

ಬಟ್ಟೆ ಒಗೆಯುವ ಯಂತ್ರದ ಹಿಂದೆ ಸೋಪಿನ ಪುಡಿ ಹುಡುಕುವಾಗ ಪ್ಯಾಡಿನ ಪೊಟ್ಟಣ ಸಿಕ್ಕಿತು. ನನ್ನದಲ್ಲ. ಹುಡುಗಿ ತನ್ನ ಕೈಖರ್ಚಿನಲ್ಲಿ ತಂದು ಬಚ್ಚಿಟ್ಟುಕೊಂಡಿದ್ದಾಳೆ. ಕೆಲವು ಸಲ ತನ್ನ ಹಾಸಿಗೆ ಬಟ್ಟೆ ತಾನೇ ಒಗೆಯುತ್ತಿದ್ದುದು ಯಾಕೆಂದು ಈಗ ತಿಳಿಯಿತು. ಹೇಗೆ ಮಾತು ತೆಗೆಯುವುದೆಂದು ಹೊಳೆಯಲಿಲ್ಲ. ಅಂಗಡಿಗೆ ಹೋದಾಗ ದೊಡ್ಡ ಪೊಟ್ಟಣವೊಂದನ್ನು ತಂದು ಬಚ್ಚಲಿನ ಕಪಾಟಿನಲ್ಲಿ ಕಣ್ಣಿಗೆ ಕಾಣುವ ಹಾಗೆ ಇಟ್ಟೆ.

ಜನವರಿ ೨೫, ಶನಿವಾರ

"ಫೆನ್ನಾ! ಫೆನ್ನಾ, ಬೇಗ ಬಾ!"

ಕೈಯಲ್ಲಿದ್ದ ಕಾಫಿ ಚೆಲ್ಲಿತು. ಈ ಮನೆಯಲ್ಲಿ ಯಾರಾದರೂ ನನ್ನ ಹೆಸರು ಹಿಡಿದು ಹೀಗೆ ಕೂಗಿದ್ದು ನೆನಪಿಲ್ಲ.

ಮೊಲದ ಬಾಯಿ ತುಂಬ ಹುಲ್ಲು, ಎರಡು ಕಡೆ ಮೀಸೆಯ ಹಾಗೆ ಚಾಚಿತ್ತು. ಅದನ್ನು ಹೊತ್ತು ಪೆಟ್ಟಿಗೆಯ ಮೂಲೆಗೆ ಓಡುವುದು, ಇಡುವುದು, ಮತ್ತೆ ಓಡಿ ಬರುವುದು. ಆಮೇಲೆ ತಲೆ ಬಗ್ಗಿಸಿ ತನ್ನ ಎದೆಯ ಕೂದಲನ್ನು ತಾನೇ ಹಲ್ಲಿನಿಂದ ಕಿತ್ತು ಹುಲ್ಲಿನ ಮೇಲೆ ಹಾಸತೊಡಗಿತು. ಕಿತ್ತ ಕಡೆ ಚರ್ಮ ಗುಲಾಬಿಯಾಗಿ ಕಾಣುತ್ತಿತ್ತು. ನೋಡಲಾಗಲಿಲ್ಲ.

"ಮರಿ ಹಾಕ್ತಾಳೆ," ಎಂದಳು ಹುಡುಗಿ. ಪಿಸುಮಾತು.

"ಗಂಡೇ ಇಲ್ಲವಲ್ಲೇ, ಮರಿ ಎಲ್ಲಿಂದ ಬರುತ್ತೆ?"

"ಅಂಗಡಿಯಲ್ಲಿದ್ದಾಗ..." ಎಂದವಳು ತಾನೇ ತಲೆಯಾಡಿಸಿದಳು. "ಇಲ್ಲ. ಮೊಲಕ್ಕೆ ಒಂದೇ ತಿಂಗಳು. ಇಷ್ಟು ದಿನ ಆಗಲ್ಲ. ಮತ್ತೆ ಯಾಕೆ ಹೀಗೆ ಮಾಡ್ತಾಳೆ?"

ನನಗೇನು ಗೊತ್ತು. ಸೋಮವಾರ ತೋರಿಸೋಣ ಎಂದೆ. ಅರ್ಧ ದಿನ ಇಬ್ಬರೂ ನೆಲದ ಮೇಲೆ ಕೂತು ನೋಡಿದ್ದೇ ಆಯಿತು. ಇಸ್ತ್ರಿ ಹಾಗೇ ಉಳಿದಿದೆ.

ಜನವರಿ ೨೭, ಸೋಮವಾರ

ಕೈಬೆರಳು ಮರಗಟ್ಟಿವೆ. ಆದರೂ ಬರೆದಿಡುತ್ತೇನೆ.

ಪ್ರಾಣಿಗಳ ಡಾಕ್ಟರ್ ವಿಯರ್ಸ್ಮಾ, ನನಗಿಂತ ಚಿಕ್ಕವಳು, ಒಳ್ಳೆಯ ಕೈ. ಮೊಲವನ್ನು ಟವೆಲಿನಲ್ಲಿ ಸುತ್ತಿ ಹೊಟ್ಟೆ ಮುಟ್ಟಿ ನೋಡಿದಳು. "ಮರಿಗಿರಿ ಏನೂ ಇಲ್ಲ. ಇದು ಹುಸಿ ಗರ್ಭ. ಐದು ತಿಂಗಳಾಯಿತಲ್ಲ, ಪ್ರಾಯಕ್ಕೆ ಬಂದಿದ್ದಾಳೆ. ಗುರುಗುಟ್ಟೋದು, ಕಚ್ಚೋದು, ಚಪ್ಪಲಿ ಹತ್ತೋದು, ಎಲ್ಲ ಅದಕ್ಕೇ. ಗಂಡು ಇಲ್ಲದಿದ್ದರೂ ಮೈ ತನಗೆ ಮರಿ ಇದೆ ಅಂತಲೇ ನಂಬಿಬಿಡುತ್ತೆ. ಗೂಡು ಕೆಡಿಸಬೇಡಿ, ಇನ್ನೆರಡು ವಾರದೊಳಗೆ ತಾನಾಗಿ ಬಿಡ್ತಾಳೆ."

"ಆಮೇಲೆ ಸರಿಹೋಗ್ತಾಳಾ?" ಹುಡುಗಿ ಕೇಳಿದಳು.

"ಮತ್ತೆ ಬರಬಹುದು, ಮತ್ತೆ ಮತ್ತೆ. ಇದು ಮುಗಿದ ಮೇಲೆ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆಸಿಬಿಡೋದು ಒಳ್ಳೇದು. ಸ್ವಭಾವ ಮೆತ್ತಗಾಗುತ್ತೆ ಅಂತಲ್ಲ, ಹಾಗೇ ಬಿಟ್ಟರೆ ನಾಲ್ಕೈದು ವರ್ಷ ದಾಟಿದ ಹೆಣ್ಣು ಮೊಲಗಳಲ್ಲಿ ಬಹಳಷ್ಟಕ್ಕೆ ಗರ್ಭಕೋಶದ ಕ್ಯಾನ್ಸರ್ ಬರುತ್ತೆ."

ಹುಡುಗಿ ಮೇಜಿನಿಂದ ಕೈ ತೆಗೆದಳು. ಏನೂ ಹೇಳದೆ ಹೊರಗೆ ಹೋದಳು. ಕಿಟಕಿಯಿಂದ ಕಾಣುತ್ತಿತ್ತು, ಸೈಕಲ್ ನಿಲ್ಲಿಸುವ ಕಡೆ ಕೋಟಿನ ಗುಂಡಿಯನ್ನೂ ಹಾಕದೆ ನಿಂತಿದ್ದಳು.

"ನಾನೇನಾದರೂ ತಪ್ಪು ಮಾತಾಡಿದೆನಾ?" ಡಾಕ್ಟರ್ ಗಾಬರಿಯಾದಳು.

"ಇಲ್ಲ. ಅವಳ ತಾಯಿ ಅದರಲ್ಲೇ ಹೋದರು."

ಯಾರ ಎದುರಿಗೂ ಆ ಮಾತನ್ನು ನಾನು ಬಾಯಿಬಿಟ್ಟು ಆಡಿರಲಿಲ್ಲ. ಮೊಲದ ಪೆಟ್ಟಿಗೆಯನ್ನು ಸೈಕಲಿಗೆ ಕಟ್ಟಿಕೊಂಡು ಬರುವಾಗ ಹುಡುಗಿ ಹೇಳಿದ್ದು ಒಂದೇ: "ಆಪರೇಷನ್ ಬೇಡ."

ಜನವರಿ ೨೮, ಮಂಗಳವಾರ

ನೆಗಡಿ. ಡಬ್ಬದ ಬಟಾಣಿ ಸೂಪು. ಮಾತಿಲ್ಲ.

ಜನವರಿ ೩೧, ಶುಕ್ರವಾರ

ಹಾರ್ಮ್ ಫೋನ್ ಮಾಡಿದ. ಹಿಂದೆ ಇಂಜಿನ್ನಿನ ಸದ್ದು.

"ಮೊಲಕ್ಕೆ ಆಪರೇಷನ್ನಾ?" ನಗುತ್ತಿದ್ದ. "ಅಲ್ಲಿರೋಳು ನೀನು ಫೆನ್, ನೀನೇ ಏನಾದರೂ ಮಾಡು."

"ಮಿರ್ಯಮ್‌ಗೆ ಏನಾಗಿತ್ತು ಅಂತ ಸಿಲ್ಕೆಗೆ ಹೇಳಿದ್ದೀಯಾ?"

ಎಲ್ಲೋ ಬಾಗಿಲು ಹಾಕಿಕೊಂಡ, ಇಂಜಿನ್ನಿನ ಸದ್ದು ಕಡಿಮೆಯಾಯಿತು.

"ಹೊಟ್ಟೇದು ಅಂತ ಹೇಳಿದೀನಿ. ಹತ್ತು ವರ್ಷದ ಮಗು ಆವಾಗ."

"ಈಗ ಹದಿಮೂರು."

"ಬಂದಮೇಲೆ ನೋಡೋಣ." ಇಟ್ಟುಬಿಟ್ಟ. ಬಂದಮೇಲೆ ನಾನೂ ಒಂದು ಮಾತು ಹೇಳುವುದಿದೆ. ಆ ಮನುಷ್ಯ ಒಂದು ಮಾತೂ ಕೇಳಿಸಿಕೊಳ್ಳಲು ತಯಾರಿಲ್ಲ.

ಫೆಬ್ರವರಿ ೫, ಬುಧವಾರ

ಸ್ಟ್ರೋಪ್ ಇವತ್ತು ಗೂಡು ಬಿಟ್ಟಳು. ಬೆಳಿಗ್ಗೆ ಅದರ ಪಕ್ಕದಲ್ಲೇ ಕೂತು ಒಳಗೆ ಮೂಗು ತೂರಿಸಿ ನೋಡಿದಳು. ಆಮೇಲೆ ಬೇರೆ ಮೂಲೆಗೆ ಹೋಗಿ ಹುಲ್ಲು ತಿನ್ನತೊಡಗಿದಳು. ಮತ್ತೆ ಆ ಕಡೆ ತಿರುಗಲಿಲ್ಲ. ಆ ಕೂದಲನ್ನೆಲ್ಲ ಬಾಚಿ ಕಸಕ್ಕೆ ಹಾಕಲು ನನ್ನ ಕೈ ಯಾಕೋ ಹಿಂಜರಿಯಿತು.

ಸಂಜೆ ಆಲೂಗಡ್ಡೆ ಸುಲಿಯುತ್ತಿದ್ದೆ. ಸಿಲ್ಕೆ ಬಂದು ಎದುರಿನ ಕುರ್ಚಿಯಲ್ಲಿ ಕೂತಳು. ತಾನೇ ಬಂದು ಕೂತಳು.

"ಮಾಡಿಸದೇ ಇದ್ದರೆ ಖಂಡಿತ ಬರುತ್ತಾ?"

"ಬಹಳಷ್ಟಕ್ಕೆ ಬರುತ್ತೆ ಅಂದರಲ್ಲ."

"ಅಮ್ಮನಿಗೆ ಮೊದಲು ರಕ್ತ ಬಂತು. ಬರಬಾರದ ದಿನದಲ್ಲೆಲ್ಲ. ನಿಲ್ಲಲೇ ಇಲ್ಲ. ಬಚ್ಚಲಲ್ಲಿ ನೋಡಿದ್ದೆ ನಾನು. ಯಾರಿಗೂ ಹೇಳಬೇಡ, ಅಪ್ಪ ಹೆದರ್ತಾರೆ ಅಂದಿದ್ದಳು." ಸಿಪ್ಪೆಯೊಂದನ್ನು ಎತ್ತಿಕೊಂಡು ಬೆರಳಿಗೆ ಸುತ್ತಿಕೊಂಡಳು. "ಹೊಟ್ಟೇದು ಅಂತಾರೆ ಅಪ್ಪ. ನಾನೇನು ದಡ್ಡಿಯಾ?"

ನಾನು ಚಾಕು ಕೆಳಗಿಟ್ಟೆ.

"ಬೇಸಿಗೆಯಿಂದ ನನಗೂ ಬರ್ತಿದೆ. ತಿಂಗಳಿಗೆ ಆಗೋದು ಅಂತ ಗೊತ್ತು. ಶಾಲೆಯಲ್ಲಿ ಹೇಳಿದ್ದಾರೆ. ಆದರೂ ಪ್ರತಿಸಲ ಇದು ಅದೇ ಅನ್ಸುತ್ತೆ. ನಿಲ್ಲೋವರೆಗೂ ನಿದ್ದೆ ಬರಲ್ಲ." ಆಮೇಲೆ ಕೇಳಿದಳು. "ನನಗೂ ಬರುತ್ತಾ, ಫೆನ್ನಾ?"

ಬೇಸಿಗೆಯಿಂದ! ಒಂದೇ ಗೋಡೆಯ ಆಚೆಗೆ ಮಲಗುತ್ತೇನೆ ನಾನು. ದಿನವಿಡೀ ಊರಿನವರ ಮೈ ತೊಳೆದು ಎಲ್ಲಿ ನೋವು, ಎಲ್ಲಿ ಹುಣ್ಣು ಎಂದು ಕೇಳುವವಳು.

ಇಲ್ಲ ಎಂದುಬಿಡಬಹುದಿತ್ತು. ಬಾಯಿ ಬರಲಿಲ್ಲ. "ಗೊತ್ತಿಲ್ಲ ಕಣೇ. ಗೊತ್ತಿರೋರ ಹತ್ತಿರ ಹೋಗಿ ಕೇಳೋಣ. ಇಬ್ಬರೂ ಹೋಗೋಣ."

ಅವಳು ಅತ್ತಳು. ಮೇಜು ಸುತ್ತಿ ಹೋಗಿ ಪಕ್ಕದಲ್ಲಿ ನಿಂತೆ. ಆಲೂಗಡ್ಡೆಯ ಕೈ ಒದ್ದೆಯಿತ್ತು, ಮುಟ್ಟುವುದೋ ಬೇಡವೋ ಎಂದುಕೊಳ್ಳುವಷ್ಟರಲ್ಲಿ ಅವಳೇ ನನ್ನ ಹೊಟ್ಟೆಗೆ ತಲೆ ಒರಗಿಸಿದಳು. ಒಲೆಯ ಮೇಲಿದ್ದದ್ದು ಸೀದುಹೋಯಿತು. ಬ್ರೆಡ್ಡಿಗೆ ಚಾಕಲೇಟ್ ಪುಡಿ ಉದುರಿಸಿಕೊಂಡು ತಿಂದೆವು.

ಫೆಬ್ರವರಿ ೬, ಗುರುವಾರ

ಹಡಗಿಗೆ ನಾನೇ ಫೋನ್ ಮಾಡಿದೆ. "ಮಿರ್ಯಮ್‌ದು ವಂಶದಿಂದ ಬರೋದಾ ಅಂತ ಆಗ ಪರೀಕ್ಷೆ ಮಾಡಿದ್ದರಾ?"

"ಮಾಡಿದ್ದರು. ಅದಲ್ಲ ಅಂದರು."

"ಇದನ್ನ ಸಿಲ್ಕೆಗೆ ಹೇಳಬಹುದಿತ್ತಲ್ಲ ಹಾರ್ಮ್, ಮೂರು ವರ್ಷದಲ್ಲಿ ಒಂದು ಸಲ."

"ಹೇಳಬೇಕಾದರೆ ಉಳಿದದ್ದನ್ನೂ ಹೇಳಬೇಕಾಗ್ತಿತ್ತು." ಸಿಟ್ಟು ಮಾಡಿಕೊಳ್ಳಬೇಕೆಂದಿದ್ದೆ, ಅದಕ್ಕೂ ತ್ರಾಣ ಬೇಕಲ್ಲ.

ಸಿಲ್ಕೆಗೆ ಹೇಳಿದೆ. ಡಾಕ್ಟರ ಬಾಯಿಂದಲೇ ಕೇಳಬೇಕಂತೆ. ನಾನಾಗಿದ್ದರೂ ಹಾಗೇ ಹೇಳುತ್ತಿದ್ದೆ.

ಫೆಬ್ರವರಿ ೧೧, ಮಂಗಳವಾರ

ನಮ್ಮ ಮನೆ ಡಾಕ್ಟರು ಮಿರ್ಯಮ್‌ಳನ್ನೂ ನೋಡಿದವರು. ಕಾಗದದ ಮೇಲೆ ಗರ್ಭಕೋಶದ ಚಿತ್ರ ಬಿಡಿಸಿದರು, ತಲೆಕೆಳಗಾದ ಪೇರಲಕಾಯಿಯ ಹಾಗೆ. ಪ್ರತಿ ತಿಂಗಳೂ ಒಳಪದರ ಬೆಳೆಯುವುದು, ಬೇಡವಾದಾಗ ಕಳಚಿಕೊಳ್ಳುವುದು. "ನಿನಗೆ ಬರೋದು ಇದು. ಮೈ ಸರಿಯಾಗಿ ಕೆಲಸ ಮಾಡ್ತಿದೆ ಅಂತ. ಅಮ್ಮನಿಗೆ ಬಂದದ್ದು ಬೇರೆ. ಅದು ನಿನ್ನ ರಕ್ತದಲ್ಲಿ ಇಳಿದು ಬರೋ ಜಾತಿಯದಲ್ಲ. ನಿನಗೆ ಬರೋ ಸಂಭವ ಬೇರೆ ಹೆಂಗಸರಿಗೆ ಎಷ್ಟೋ ಅಷ್ಟೇ. ಬರೋದೇ ಇಲ್ಲ ಅಂತ ನಾನು ಯಾರಿಗೂ ಹೇಳಲ್ಲ."

"ಅಮ್ಮ ಬೇಗ ಬಂದು ತೋರಿಸಿದ್ದರೆ?"

ಡಾಕ್ಟರು ಕನ್ನಡಕ ತೆಗೆದರು. "ಬದುಕಿರಬಹುದಿತ್ತು. ತುಂಬ ತಡ ಮಾಡಿದರು. ನೀನು ಯಾರಿಗೂ ಹೇಳದೆ ಇದ್ದದ್ದಕ್ಕಲ್ಲ, ತಿಳೀತಾ? ಹತ್ತು ವರ್ಷದ ಹುಡುಗಿ ಹೊರೋ ಮಾತಲ್ಲ ಅದು."

ನಾನು ಆ ವಿಷಯ ಅವರಿಗೆ ಹೇಳಿರಲಿಲ್ಲ. ಸಿಲ್ಕೆಯೇ ನಾನು ಕೋಟು ತೂಗುಹಾಕುತ್ತಿದ್ದಾಗ ಹೇಳಿರಬೇಕು.

ಹೊರಗೆ ಬರುವಾಗ ಕೇಳಿದಳು: "ನೀನು ಯಾವಾಗ ತೋರಿಸಿಕೊಂಡಿದ್ದೆ?"

"ಏನನ್ನ?"

"ನಿನ್ನನ್ನ. ಹೆಂಗಸರ ಕ್ಯಾನ್ಸರ್ ತಪಾಸಣೆಗೆ ಕಾಗದ ಹಾಕಿ ಕರೀತಾರಲ್ಲ."

"ಕರೆದಿದ್ದರು. ಪುರುಸೊತ್ತಾಗಲಿಲ್ಲ."

ಕೌಂಟರಿನ ಮುಂದೆ ನಿಂತುಬಿಟ್ಟಳು. ನನಗೆ ದಿನ ಗೊತ್ತುಮಾಡಿಸಿದ ಮೇಲೇ ಕದಲಿದ್ದು. ಅಪ್ಪನ ಹಾಗೆ ಮೊಂಡು. ಮನೆ ಮುಟ್ಟುವ ಹೊತ್ತಿಗೆ, "ಮೊಲದ ಡಾಕ್ಟರ್‌ಗೂ ಫೋನ್ ಮಾಡು," ಎಂದಳು.

ಫೆಬ್ರವರಿ ೧೯, ಬುಧವಾರ

ಆಪರೇಷನ್ ಆಯಿತು. ಮೊಲಕ್ಕೆ ಉಪವಾಸ ಬೇಡವಂತೆ, ಬೆಳಿಗ್ಗೆಯೂ ತಿಂದೇ ಹೋದಳು. ಹೊಟ್ಟೆಯಲ್ಲಿ ಸಣ್ಣ ಹೊಲಿಗೆ. ಅಮಲು ಇಳಿದಾಗ ಒಂದು ಕಿವಿ ಎತ್ತಿದಳು, ಇನ್ನೊಂದು ಬಿದ್ದೇ ಇತ್ತು. "ಮನೆಗೆ ಹೋಗಿ ತಿನ್ನಬೇಕು, ಹಿಕ್ಕೆ ಹಾಕಬೇಕು. ಮೊಲದ ಕರುಳು ನಿಂತರೆ ಕಷ್ಟ. ತಿನ್ನದಿದ್ದರೆ ಈ ಹಿಟ್ಟು ಕಲಸಿ ಸಿರಿಂಜಿನಲ್ಲಿ ಕೊಡಿ," ಎಂದಳು ಡಾಕ್ಟರ್.

ತಿಂದಿಲ್ಲ.

ಫೆಬ್ರವರಿ ೨೦, ಗುರುವಾರ

ತಿಂದಿಲ್ಲ. ಸಿಲ್ಕೆ ತೊಡೆಯ ಮೇಲೆ ಟವೆಲಿನಲ್ಲಿ ಹಿಡಿದುಕೊಳ್ಳುತ್ತಾಳೆ, ನಾನು ಹಲ್ಲಿನ ಪಕ್ಕದಿಂದ ಸಿರಿಂಜ್ ತೂರಿಸುತ್ತೇನೆ. ಅರ್ಧ ಒಳಗೆ, ಅರ್ಧ ನನ್ನ ತೋಳಿಗೆ. ಹಸಿರು ಗಂಜಿ, ಕೊಳೆತ ಹುಲ್ಲಿನ ವಾಸನೆ. ಕೆಲಸಕ್ಕೆ ರಜ ಹೇಳಿದೆ. ಯಾರಿಗೆ ಹುಷಾರಿಲ್ಲ ಎಂದು ಆಫೀಸಿನವರು ಕೇಳಿದರು. ಮನೆಯಲ್ಲಿ ಒಬ್ಬರಿಗೆ ಎಂದೆ.

ನಡುವೆ ಗ್ರೋನಿಂಗೆನ್‌ನಿಂದ ಫೋನ್, ಮನೆಯೊಂದು ಖಾಲಿಯಾಗಿದೆಯಂತೆ, ನಾಳೆ ಸಂಜೆಯೊಳಗೆ ಹೇಳಬೇಕಂತೆ. ಎರಡೂ ಕೈ ಮೊಲದ ಬಾಯಲ್ಲಿತ್ತು. ಈಗ ಆಗಲ್ಲ ಎಂದೆ.

ಫೆಬ್ರವರಿ ೨೧, ಶುಕ್ರವಾರ

ಮೂಲೆಯಲ್ಲಿ ಮುದುಡಿ ಕೂತಿದ್ದಾಳೆ. ಹಲ್ಲು ಕಟಕಟ ಎನ್ನುತ್ತದೆ, ನೋವಿಗೆ. ಹಿಕ್ಕೆ ಒಂದೂ ಇಲ್ಲ. ಡಾಕ್ಟರ್ ನೋವಿನ ಔಷಧಿ ಹೆಚ್ಚಿಸಿದಳು, ಕರುಳು ಚಲಿಸುವಂತೆ ಚುಚ್ಚುಮದ್ದು ಕೊಟ್ಟಳು. ನಾಳೆ ಬೆಳಿಗ್ಗೆಯೂ ಹೀಗೇ ಇದ್ದರೆ ತನ್ನಿ ಎಂದಳು. ತಂದರೆ ಏನು ಮಾಡುತ್ತೀರಿ ಎಂದು ನಾನು ಕೇಳಲಿಲ್ಲ.

"ನಾನೇ ಸಾಯಿಸಿದೆ," ಎಂದಳು ಸಿಲ್ಕೆ. "ಗೂಡು ಕಟ್ಟಿಕೊಂಡು ಚೆನ್ನಾಗಿದ್ದಳು. ನಾನು ಹೆದರಿಕೊಂಡು ಕೊಯ್ಯಿಸಿದೆ."

"ನೀನೊಬ್ಬಳೇ ಅಲ್ಲ. ಕರೆದುಕೊಂಡು ಹೋದದ್ದು ನಾನು. ಸತ್ತರೆ ಇಬ್ಬರೂ ಅಳೋಣ. ಈಗ ಟವೆಲ್ ಹಿಡಿ."

ಹಿಡಿದಳು. ಒಂದು ಸಿರಿಂಜ್ ಪೂರ್ತಿ ನುಂಗಿಸಿದೆವು. ಇಬ್ಬರ ಬಟ್ಟೆಯೂ ಹಸಿರು.

ಫೆಬ್ರವರಿ ೨೨, ಶನಿವಾರ

ಹಾಕಿದಳು! ಮೆಣಸಿನ ಕಾಳಿನಷ್ಟು, ಒಣಗಿದ್ದು, ಒಂದಕ್ಕೊಂದು ಕೂದಲಿನ ಎಳೆಯಲ್ಲಿ ಅಂಟಿಕೊಂಡದ್ದು, ಆದರೂ ಹಿಕ್ಕೆ! ಸಿಲ್ಕೆ ಅಂಗೈಯಲ್ಲಿಟ್ಟುಕೊಂಡು ಬಂದು ನನ್ನನ್ನು ಎಬ್ಬಿಸಿದಳು. ದಿಂಬಿನ ಪಕ್ಕದಲ್ಲಿ ಮೊಲದ ಹಿಕ್ಕೆ ನೋಡಿ ಯಾರಾದರೂ ಅಳುತ್ತಾರೆಯೇ? ಮಧ್ಯಾಹ್ನ ಕೊತ್ತಂಬರಿಯ ಒಂದು ಎಳೆ ತಿಂದಳು. ಸಂಜೆ ಇಡೀ ಕಂತೆ.

ಫೆಬ್ರವರಿ ೨೪, ಸೋಮವಾರ

"ರಜ ಹಾಕಿದ್ದೆಯಂತೆ?" ಬೌಕೆಮಾ ಕೇಳಿದರು.

"ಮಗಳ ಮೊಲಕ್ಕೆ ಆಪರೇಷನ್ ಆಯಿತು. ತಿಂತಿರಲಿಲ್ಲ. ಈಗ ಎಲ್ಲ ಸರಿ, ರಾಶಿ ರಾಶಿ ಹಿಕ್ಕೆ."

"ನನಗೆ ಮೂರು ದಿನದಿಂದ ಆಗಿಲ್ಲ," ಎಂದರು ಮುದುಕರು ಮುಖ ಸಣ್ಣಗೆ ಮಾಡಿಕೊಂಡು. "ನನಗೂ ಒಂದು ಸಿರಿಂಜ್ ಹಾಕೇ."

ನಕ್ಕು ನಕ್ಕು ಸೋಪು ಕೈಜಾರಿತು. ಗ್ರೋನಿಂಗೆನ್‌ಗೆ ತಿರುಗಿ ಫೋನ್ ಮಾಡಲೇ ಇಲ್ಲ ಎಂದು ಸೈಕಲ್ ಹತ್ತಿದ ಮೇಲೆ ನೆನಪಾಯಿತು. ಆ ಮನೆ ಹೋಗಿರಬೇಕು. ಎದುರುಗಾಳಿ ಬೇರೆ.

ಮಾರ್ಚ್ ೭, ಶುಕ್ರವಾರ

ಹಾರ್ಮ್ ಬಂದ, ಬಿಸಿಲಿಗೆ ಕಂದಿ. ಸೊಪ್ಪು ಕಲಸಿದ ಆಲೂಗಡ್ಡೆ, ಸಾಸೇಜ್ ಮಾಡಿದ್ದೆ. ಊಟದ ನಡುವೆ ಸಿಲ್ಕೆ ಫೋರ್ಕ್ ಕೆಳಗಿಟ್ಟಳು.

"ಅಪ್ಪಾ, ಅಮ್ಮನಿಗೆ ಗರ್ಭಕೋಶದ ಕ್ಯಾನ್ಸರ್ ಇತ್ತು. ನಂಗೊತ್ತು. ನಾನೂ ಫೆನ್ನಾನೂ ಹೋಗಿ ಡಾಕ್ಟರ ಹತ್ತಿರ ಕೇಳಿಕೊಂಡು ಬಂದ್ವಿ. ಅದು ನನಗೆ ಇಳಿದು ಬರೋ ತರಹದ್ದಲ್ಲವಂತೆ. ನೀನು ಇನ್ನು ಹೊಟ್ಟೇದು ಅನ್ನಬೇಡ."

ಅವನ ಮುಖ ಬಿಳಿಚಿತು. ನನ್ನನ್ನು ನೋಡಿದ. ನಾನು ಆಲೂಗಡ್ಡೆ ಬಡಿಸಿದೆ. ಇನ್ನೇನು ಮಾಡಲಿ? ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಅವನೇ ಹೇಳತೊಡಗಿದ. ಆಸ್ಪತ್ರೆಯ ಕೊನೆಯ ವಾರ ಮಿರ್ಯಮ್ ಉಪ್ಪುನೀರಲ್ಲಿ ಹಾಕಿಟ್ಟ ಹೆರಿಂಗ್ ಮೀನು ಬೇಕೆಂದು ಹಟ ಹಿಡಿದದ್ದು, ಅವನು ಕದ್ದು ತಂದುಕೊಟ್ಟದ್ದು, ಇಡೀ ವಾರ್ಡು ನಾರಿದ್ದು. ಸಿಲ್ಕೆ ನಕ್ಕಳು. ಅವನೂ ನಕ್ಕ, ಅಳುತ್ತಲೇ. ಇಬ್ಬರೂ ಇನ್ನೂ ಕೆಳಗೆ ಮಾತಾಡುತ್ತಿದ್ದಾರೆ. ನನಗೆ ಕಾಲು ನೋವು, ಮೇಲೆ ಬಂದೆ.

ಅವನಿಗೆ ಹೇಳಬೇಕಾದ ಮಾತೇನೋ ಇತ್ತು. ಇವತ್ತು ಬೇಡ.

ಪಾತ್ರೆ ಒರೆಸುವಾಗ ಸಿಲ್ಕೆ ಹೇಳಿದಳು, ಸ್ಟ್ರೋಪ್ ಒಬ್ಬಳೇ ಇರಬಾರದಂತೆ, ಪ್ರಾಣಿ ಆಶ್ರಯದಲ್ಲಿ ಬೀಜ ಒಡೆಸಿದ ಒಂದು ಗಂಡು ಮೊಲ ಇದೆಯಂತೆ. ಒಬ್ಬರಿಗೊಬ್ಬರು ಹೊಂದಿಕೊಳ್ಳಲು ವಾರಗಟ್ಟಲೆ ಬೇಕಂತೆ, ಮೊದಲು ಜಗಳವಾಡುತ್ತವಂತೆ, ಯಾರಾದರೂ ಕಾದು ಕೂರಬೇಕಂತೆ.

"ಮೇ ತಿಂಗಳಲ್ಲಿ ಮಾಡೋಣ. ಅಪ್ಪ ಆಗ ಹಡಗಲ್ಲಿರ್ತಾರೆ. ನೀನು ರಜ ಹಾಕ್ತೀಯಾ?"

ಹಾಕುತ್ತೇನೆ ಎಂದೆ. ಸೋಮವಾರವೇ ಆಫೀಸಿನಲ್ಲಿ ಕೇಳಬೇಕು, ಮೇ ರಜಕ್ಕೆ ಎಲ್ಲರೂ ಮುಗಿಬೀಳುತ್ತಾರೆ.